ಮೈಯೊಳಗಿನ ಕಾಲುವೆಗಳು

ಅಕ್ಕಂದಿರೇ, ನಿಮ್ಮ ಎಡಗೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಅಂಗೈಯ ಹಿಂಬದಿ ನೋಡಿ. ಹಸಿರು ದಾರದ ಹಾಗೆ ಉಬ್ಬಿದೆ ಅಲ್ವಾ? ಈಗ ಕೈಯನ್ನು ತಲೆಯ ಮೇಲಕ್ಕೆ ಎತ್ತಿ. ಉಬ್ಬು ಇಳಿಯಿತು.

ಇದನ್ನು ನಾವು ‘ನರ’ ಅಂತೀವಿ. ಆದರೆ ಇದು ನರ ಅಲ್ಲ. ಇದು ರಕ್ತ ಹರಿಯುವ ಕೊಳವೆ. ಇದರ ಹೆಸರು ರಕ್ತನಾಳ. ನರದ ಕೆಲಸವೇ ಬೇರೆ. ನೋವು, ಬಿಸಿ, ತಂಪಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದು ನರ.

ಕೆರೆಯ ನೀರು ಗದ್ದೆಗೆ ಹೇಗೆ ಬರುತ್ತದೆ? ತೂಬು ತೆಗೆದರೆ ದೊಡ್ಡ ಕಾಲುವೆಗೆ ನೀರು ಬರುತ್ತದೆ. ಅಲ್ಲಿಂದ ಸಣ್ಣ ಕಾಲುವೆಗೆ. ಆಮೇಲೆ ಪೈರಿನ ಬುಡಕ್ಕೆ. ನಮ್ಮ ಮೈಯಲ್ಲೂ ಹಾಗೇ. ಆದರೆ ಗದ್ದೆಯ ನೀರು ಕೆರೆಗೆ ಹಿಂದಿರುಗುವುದಿಲ್ಲ. ರಕ್ತ ಮಾತ್ರ ಹೃದಯಕ್ಕೆ ತಿರುಗಿ ಬರುತ್ತದೆ.

ರಕ್ತನಾಳಗಳಲ್ಲಿ ಮೂರು ಬಗೆ.

ಒಂದು, ಅಪಧಮನಿ. ಇದು ಹೃದಯದಿಂದ ರಕ್ತವನ್ನು ಒಯ್ಯುತ್ತದೆ. ಹೃದಯ ರಕ್ತವನ್ನು ಜೋರಾಗಿ ತಳ್ಳುತ್ತದೆ. ಅದನ್ನು ತಡೆಯಲು ಇದರ ಗೋಡೆ ದಪ್ಪ. ರಬ್ಬರಿನ ಹಾಗೆ ಹಿಗ್ಗಿ ಕುಗ್ಗುತ್ತದೆ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಟಕ್ ಟಕ್ ಅನ್ನುತ್ತದೆ. ಅದೇ ನಾಡಿ. ಸುಮ್ಮನೆ ಕೂತಾಗ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ.

ಎರಡು, ಲೋಮನಾಳ. ಇದು ಕೂದಲಿಗಿಂತ ಸಣ್ಣದು. ಬರಿಗಣ್ಣಿಗೆ ಕಾಣದು. ಇದರ ತೆಳು ಗೋಡೆಯ ಮೂಲಕವೇ ಉಂಡ ಅನ್ನದ ಸಾರ, ಉಸಿರಿನ ಆಮ್ಲಜನಕ ಮೈಗೆ ಸೇರುತ್ತವೆ. ಮೈಯ ಕೊಳೆ ರಕ್ತಕ್ಕೆ ಬರುತ್ತದೆ.

ಮೂರು, ಅಭಿಧಮನಿ. ಇದು ರಕ್ತವನ್ನು ಹೃದಯಕ್ಕೆ ವಾಪಸು ತರುತ್ತದೆ. ನೀವು ಕೈಮೇಲೆ ನೋಡಿದ್ದು ಇದನ್ನೇ. ಕಾಲಿನ ರಕ್ತ ಮೇಲಕ್ಕೆ ಏರಬೇಕಲ್ಲ? ಅದಕ್ಕೆ ಇದರೊಳಗೆ ಪುಟ್ಟ ಪುಟ್ಟ ಕದಗಳಿವೆ. ಅವು ರಕ್ತ ಕೆಳಗೆ ಜಾರಲು ಬಿಡುವುದಿಲ್ಲ. ನಡೆಯುವಾಗ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ದಿನವೂ ಬಹಳ ಹೊತ್ತು ನಿಂತೇ ದುಡಿಯುವವರಲ್ಲಿ, ಬಸುರಿಯರಲ್ಲಿ ಈ ಕದಗಳು ಸೋಲಬಹುದು. ಆಗ ಕಾಲಿನ ನಾಳ ಸುರುಳಿಯಾಗಿ ಉಬ್ಬುತ್ತದೆ. ನಾಚಿಕೆ ಬೇಡ. ನಡುನಡುವೆ ಓಡಾಡಿ. ಮಲಗುವಾಗ ಕಾಲಿನ ಕೆಳಗೆ ದಿಂಬು ಇಡಿ. ಒಂದೇ ಕಾಲು ತಟ್ಟನೆ ಊದಿ ನೋವಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.

ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿತು ಅನ್ನಿ. ರಕ್ತ ಜಿನುಗಿದರೆ ಲೋಮನಾಳ ಹರಿದಿದೆ. ಕಡುಗೆಂಪಾಗಿ ಸುರಿದರೆ ಅಭಿಧಮನಿ. ಚಿಮ್ಮಿ ಚಿಮ್ಮಿ ಬಂದರೆ ಅಪಧಮನಿ. ಇದು ಪ್ರಾಣಕ್ಕೆ ಅಪಾಯ! ಗಾಯಕ್ಕೆ ಕಾಫಿಪುಡಿ, ಮಣ್ಣು ಮೆತ್ತಬೇಡಿ. ಶುದ್ಧ ಬಟ್ಟೆ ಇಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಬೇಡಿ. ಬಟ್ಟೆ ನೆಂದರೆ ಮೇಲೆ ಇನ್ನೊಂದು ಇಡಿ. 108ಕ್ಕೆ ಫೋನ್ ಮಾಡಿಸಿ.

ಇನ್ನೊಂದು ಮಾತು. ಅಪಧಮನಿಯಲ್ಲಿ ರಕ್ತದ ಒತ್ತಡ ಹೆಚ್ಚಾದರೆ ಅದೇ ಬಿ.ಪಿ. ಎಷ್ಟೋ ಸಲ ನೋವೇ ಇರುವುದಿಲ್ಲ. ನೋಡಿಸಿದರೆ ಮಾತ್ರ ಗೊತ್ತಾಗುತ್ತದೆ. ಬಸುರಿಯರಿಗೆ ಬಿ.ಪಿ. ಏರಿದರೆ ತಾಯಿ, ಮಗು ಇಬ್ಬರಿಗೂ ಅಪಾಯ. ತಪಾಸಣೆಗೆ ಹೋದಾಗಲೆಲ್ಲ “ನನ್ನ ಬಿ.ಪಿ. ಎಷ್ಟಿದೆ?” ಎಂದು ಕೇಳಿ. ಅಂಕಿ ಓದಲು ನಿಮಗೆ ಈಗ ಬರುತ್ತದೆ. ತಾಯಿ ಕಾರ್ಡಿನಲ್ಲಿ ನೀವೇ ಓದಿ ನೋಡಿ.

ಮಾಡಿ ನೋಡಿ: ನಿಮ್ಮ ನಾಡಿಯನ್ನು ಒಂದು ನಿಮಿಷ ಎಣಿಸಿ. ಅಂಕಿಯನ್ನು ಇಲ್ಲಿ ಬರೆಯಿರಿ: ............