ಸ್ಟಾಕ್‌ಹೋಮಿನ ಅತಿಥಿಗಳು

ನೊಬೆಲ್ ಪಾರಿತೋಷಕದ ಮೊತ್ತವನ್ನು ಎಲ್ಲರೂ ವಿಚಾರಿಸುವರು. ಅದನ್ನು ಪಡೆಯಲು ಹೋದವರ ಬಿಡಾರದ ಖರ್ಚು ಯಾರದೆಂದು ಕೇಳುವವರು ವಿರಳ. ಅದೂ ನೊಬೆಲ್ ಪ್ರತಿಷ್ಠಾನದ್ದೇ. ಶಾಂತಿ ಪಾರಿತೋಷಕವೊಂದು ಓಸ್ಲೋ ನಗರದ್ದು. ಉಳಿದವರಿಗೆ 1901ರಿಂದಲೂ ಸ್ಟಾಕ್‌ಹೋಮಿನ ಗ್ರ್ಯಾಂಡ್ ಹೋಟೆಲೇ ಬೀಡು. ಮೊದಲ ವರ್ಷದ ಔತಣವೂ ಅಲ್ಲಿಯ ಕನ್ನಡಿಗಳ ಸಭಾಂಗಣದಲ್ಲೇ ಜರುಗಿತು. ಕಿಟಕಿ ತೆರೆದರೆ ನೀರಿನಾಚೆ ಅರಮನೆ. ಬೆಂಗಾವಲಿಗೆ ಸ್ವೀಡನ್ನಿನ ವಿದೇಶಾಂಗ ಖಾತೆಯ ಅಧಿಕಾರಿಯೊಬ್ಬರು.

ಆದರೆ ಪರರ ಖರ್ಚಿನ ಸುಖದಲ್ಲಿ ಅತಿಥಿಯ ನಿದ್ರೆಯೂ ಅವನದಲ್ಲ. ಡಿಸೆಂಬರ್ 10ರ ಸಮಾರಂಭ ಮುಗಿದು ಮೂರು ದಿನಕ್ಕೆ ಲೂಸಿಯಾ ಹಬ್ಬ. ಅಂದು ನಸುಕಿನಲ್ಲೇ ಬಿಳಿ ನಿಲುವಂಗಿಯ ತರುಣಿಯರು ಮೇಣದ ಬತ್ತಿ ಹಿಡಿದು, ಹಾಡುತ್ತ ಮಲಗುವ ಕೋಣೆಗೇ ಬಂದು ಎಬ್ಬಿಸುವುದು ಬಹುಕಾಲದ ವಾಡಿಕೆ! ಸುದ್ದಿಯಿಲ್ಲದವರು ಗಾಬರಿಗೊಂಡರೆ ಸೋಜಿಗವೇನು?

2020ರಲ್ಲಿ ಕೋವಿಡ್ ರೋಗದ ದೆಸೆಯಿಂದ ವಿಜೇತರು ಪದಕಗಳನ್ನು ತಾವಿದ್ದಲ್ಲಿಯೇ ಸ್ವೀಕರಿಸಿದರು. ಆ ವರ್ಷ ಗ್ರ್ಯಾಂಡ್ ಹೋಟೆಲಿನಲ್ಲಿ ಅವರನ್ನು ಎಬ್ಬಿಸುವ ಹಾಡು ಕೇಳಲಿಲ್ಲ.