ನೀಹಾರಿಕೆಗೆ ಬಣ್ಣ ಬರುವ ಬಗೆ

ಹಬಲ್ ದೂರದರ್ಶಕ ಬಣ್ಣದ ಚಿತ್ರ ತೆಗೆಯುವುದಿಲ್ಲ. ಅದರ ಕ್ಯಾಮೆರಾ ಅಳೆಯುವುದು ಎಲ್ಲಿ ಎಷ್ಟು ಬೆಳಕು ಬಿತ್ತು ಎಂಬುದನ್ನಷ್ಟೇ. ಭೂಮಿಗೆ ಬರುವುದು ಅಂಕಿಗಳು. ಹಾಗೆಯೇ ತೆರೆದರೆ ಪರದೆಯ ಮೇಲೆ ಕಾಣುವುದು ಬಹುಪಾಲು ಕಪ್ಪು. ‘ಸೃಷ್ಟಿಯ ಸ್ತಂಭಗಳು’ ಎಂದು ಜಗತ್ತಿನ ಮನಸೆಳೆದ ಚಿತ್ರ ಮೂಡಿದ್ದೂ ಇಂಥ ಅಂಕಿಗಳಿಂದಲೇ.

ಸುಮಾರು 6,500 ಜ್ಯೋತಿರ್ವರ್ಷ ದೂರದ ಹದ್ದು ನೀಹಾರಿಕೆಯಲ್ಲಿರುವ ಈ ಅನಿಲ, ದೂಳಿನ ಕಂಬಗಳತ್ತ ಖಗೋಳವಿಜ್ಞಾನಿಗಳಾದ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವೆನ್ ಹಬಲ್ ಕಣ್ಣು ತಿರುಗಿಸಿದ್ದು 1995ರ ಏಪ್ರಿಲ್‌ನಲ್ಲಿ. ಒಂದೊಂದು ಧಾತುವಿನ ಬೆಳಕನ್ನಷ್ಟೇ ಬಿಡುವ ಒಂದೊಂದು ಫಿಲ್ಟರ್ ಹಾಕಿ ಹಲವು ಬಾರಿ ಚಿತ್ರ ತೆಗೆಯಲಾಯಿತು. ವಿಶ್ವಕಿರಣ ಬಡಿದು ಮೂಡಿದ ಚುಕ್ಕೆ ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ಎರಡನ್ನೂ ಹೋಲಿಸಿ ಅದನ್ನು ಅಳಿಸುತ್ತಾರೆ. ಚಿತ್ರದ ಮೂಲೆಯೊಂದು ಮೆಟ್ಟಿಲಿನಂತೆ ಕತ್ತರಿಸಿದ ಹಾಗಿರಲು ಕಾರಣವೂ ಇದೆ: ಚಿತ್ರ ತೆಗೆದ ಉಪಕರಣದ ನಾಲ್ಕು ಕ್ಯಾಮೆರಾಗಳಲ್ಲಿ ಒಂದು ಚಿಕ್ಕ ಜಾಗವನ್ನು ಹಿಗ್ಗಿಸಿ ತೋರಿಸುತ್ತಿತ್ತು. ಉಳಿದವಕ್ಕೆ ಹೊಂದಿಸಲು ಅದನ್ನು ಕುಗ್ಗಿಸಿದಾಗ ಅಲ್ಲಿ ಖಾಲಿ ಉಳಿಯಿತು.

ಮುಂದಿನದು ನಾಜೂಕಿನ ಕೆಲಸ. ನಕ್ಷತ್ರದ ಪ್ರಖರತೆಗೂ ಅನಿಲದ ಮಂದ ಹೊಳಪಿಗೂ ಅಜಗಜಾಂತರ. ಮಂದವಾದದ್ದನ್ನು ಹೆಚ್ಚು ಎತ್ತಿ, ಪ್ರಖರವಾದದ್ದನ್ನು ತಗ್ಗಿಸುವ ಗಣಿತ ಸೂತ್ರ ಬಳಸಿದರೇನೇ ಎರಡೂ ಒಂದೇ ಚಿತ್ರದಲ್ಲಿ ಕಾಣುತ್ತವೆ. ಸೂತ್ರವನ್ನು ಎಷ್ಟು ಬಿಗಿ ಮಾಡಬೇಕೆಂಬುದು ಮಾತ್ರ ನೋಡುವ ಕಣ್ಣಿನ ತೀರ್ಮಾನ.

ಬಣ್ಣದ ಮಾತಿಗೆ ಬಂದರೆ, ಇದು ಸುಳ್ಳು ಬಣ್ಣ ಎಂಬ ಆಕ್ಷೇಪ ಹಳೆಯದು, ಅಷ್ಟೇ ಅನ್ಯಾಯದ್ದು. ಜಲಜನಕದ ಬೆಳಕಿನ ತರಂಗಾಂತರ 656 ನ್ಯಾನೊಮೀಟರ್, ಗಂಧಕದ್ದು ಸುಮಾರು 673. ಕಣ್ಣಿಗೆ ಎರಡೂ ಕೆಂಪೇ. ಇದ್ದಂತೆಯೇ ತೋರಿಸಿದರೆ ಒಂದರಲ್ಲೊಂದು ಬೆರೆತುಹೋಗುತ್ತವೆ. ಆದ್ದರಿಂದ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, 501ರ ಆಮ್ಲಜನಕಕ್ಕೆ ನೀಲಿ ಕೊಡಲಾಯಿತು. ತರಂಗಾಂತರದ ಕ್ರಮ ತಪ್ಪಲಿಲ್ಲ, ನಡುವಿನ ಅಂತರ ಮಾತ್ರ ಹಿಗ್ಗಿತು. ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ಕಂಬದ ಮೈ ಸವೆಸುವ ಅಂಚಿನಲ್ಲಿ ಗಂಧಕ, ಸುತ್ತಲಿನ ಬಯಲಲ್ಲಿ ಆಮ್ಲಜನಕ ಬೇರೆಬೇರೆಯಾಗಿ ಕಂಡದ್ದು ಈ ಆಯ್ಕೆಯಿಂದ.

ಕಂಬಗಳನ್ನು ನೆಟ್ಟಗೆ ನಿಲ್ಲಿಸಿದ್ದೂ ಆಯ್ಕೆಯೇ. ಆಕಾಶದಲ್ಲಿ ಮೇಲು ಕೆಳಗೆ ಎಂಬುದಿಲ್ಲ. ಕಲಾ ಇತಿಹಾಸಜ್ಞೆ ಎಲಿಜಬೆತ್ ಕೆಸ್ಲರ್ ಇಂಥ ಚಿತ್ರಗಳಲ್ಲಿ ಅಮೆರಿಕದ ಪಶ್ಚಿಮ ಸೀಮೆಯ 19ನೇ ಶತಮಾನದ ನಿಸರ್ಗಚಿತ್ರಗಳ ಛಾಯೆ ಗುರುತಿಸಿದ್ದಾರೆ.

ಜೇಮ್ಸ್ ವೆಬ್ ದೂರದರ್ಶಕ ಇದೇ ಕಂಬಗಳನ್ನು ಅವಕೆಂಪಿನಲ್ಲಿ ನೋಡಿದ ಚಿತ್ರ 2022ರ ಅಕ್ಟೋಬರ್‌ನಲ್ಲಿ ಹೊರಬಂತು. ಅಲ್ಲಿ ಕಣ್ಣಿಗೆ ಕಾಣುವ ಬಣ್ಣವೇ ಇಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಚಿತ್ರ ಸಂಸ್ಕರಿಸುವ ಜೋಸೆಫ್ ಡಿಪಾಸ್ಕ್ವಾಲೆ, ಅಲಿಸ್ಸಾ ಪೇಗನ್ ಮತ್ತಿತರರು ಉದ್ದದ ತರಂಗಗಳಿಗೆ ಕೆಂಪು, ಗಿಡ್ಡವಕ್ಕೆ ನೀಲಿ ಕೊಟ್ಟರು. ಕಂಬದಂಚಿನ ಕಡುಗೆಂಪು ಅಲೆಗಳು ಎಳೆಯ ನಕ್ಷತ್ರಗಳು ಚಿಮ್ಮಿಸಿದ ಧಾರೆ ಅನಿಲಕ್ಕೆ ಬಡಿದದ್ದರ ಗುರುತು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದತ್ತಾಂಶಕ್ಕೂ ಹೀಗೆಯೇ ಬಣ್ಣ ಕೊಡಬೇಕಾಗುತ್ತದೆ.