ದೊಡ್ಡಪ್ಪನ ಯೆಜ್ಡಿಗೆ ಬೆಳ್ಳಿ ಬಣ್ಣ

ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಗಾಡಿಗಳು ಮಾತ್ರ ನಂಜನಗೂಡು, ತಿ. ನರಸೀಪುರದ ಕಡೆ ಹಳ್ಳಿಗಳಲ್ಲಿ ಇನ್ನೂ ಹೊಗೆ ಬಿಡುತ್ತಾ ಓಡಾಡ್ತಿವೆ. ಮೈಸೂರಲ್ಲಿ ಹುಟ್ಟಿದ ಅತಿ ಎಳೆಯ ಯೆಜ್ಡಿಗೂ ಈಗ ಮೂವತ್ತರ ಹತ್ತಿರ, ಹೆಚ್ಚುಕಡಿಮೆ ನನ್ನ ವಯಸ್ಸು. ಎಂಜಿನ್‌ಗೆ ಸಾಮಾನು ಹೇಗೋ ಹೊಂದಿಸ್ತಾರೆ. ಯಾರೂ ತಿರುಗಿ ನೋಡದೇ ಇರೋದು ಚಕ್ರದ ಕ್ರೋಮ್ ರಿಮ್ಮನ್ನ.

ಹೆಡತಲೆಯಲ್ಲಿ ನಮ್ಮ ದೊಡ್ಡಪ್ಪನ ಯೆಜ್ಡಿಯ ರಿಮ್ಮು ಬಿಳಿ, ಕಂದು, ಕಪ್ಪು ಮೂರೂ ಆಗಿತ್ತು. ಬಣ್ಣ ಹೊಡೆಯೋಣ ಅಂದಿದ್ದಕ್ಕೆ, "ಕ್ರೋಮ್ ಮೇಲೆ ಪೇಂಟಾ ಮಗಾ? ಬೆಳ್ಳಿ ಲೋಟಕ್ಕೆ ಸುಣ್ಣ ಬಳಿದಂಗಾಯ್ತು" ಅಂದ್ರು. ಮಾತು ಚೆನ್ನಾಗಿದೆ. ಆದರೆ ಕ್ರೋಮ್ ಬೆಳ್ಳಿ ಲೋಟದಂಥದ್ದಲ್ಲ.

ರಿಮ್ಮು ಕಬ್ಬಿಣದ ಜಾತಿಯ ಉಕ್ಕು. ಅದರ ಮೇಲೆ ನಿಕ್ಕಲ್ ಪದರ, ಅದರ ಮೇಲೆ ಕ್ರೋಮ್. ಕಣ್ಣಿಗೆ ಕಾಣುವ ಆ ಕ್ರೋಮ್ ಒಂದು ಮೈಕ್ರಾನ್ ದಪ್ಪವೂ ಇರೋದಿಲ್ಲ. ತಲೆಕೂದಲಿನ ದಪ್ಪವೇ ಎಪ್ಪತ್ತು ಮೈಕ್ರಾನಿನ ಆಸುಪಾಸು ಅಂದಮೇಲೆ ಲೆಕ್ಕ ಹಾಕಿಕೊಳ್ಳಿ. ಅದರಲ್ಲಿ ಕಣ್ಣಿಗೆ ಕಾಣದ ಸೀಳುಗಳೂ ಇರುತ್ತವೆ. ಉಕ್ಕನ್ನು ನಿಜವಾಗಿ ಕಾಯುವುದು ನಡುವಿನ ನಿಕ್ಕಲ್. ಅದಕ್ಕೊಂದು ತೂತು ಬಿದ್ದರೆ ತುಕ್ಕು ಒಳಗಿನಿಂದಲೇ ಹಬ್ಬಿ ಮೇಲಿನ ಪದರವನ್ನು ಎಬ್ಬಿಸುತ್ತದೆ.

ದೊಡ್ಡಪ್ಪನ ಗಾಡಿಯಲ್ಲಿ ಮುಂದಿನದಕ್ಕಿಂತ ಹಿಂದಿನ ರಿಮ್ಮು ತುಂಬಾ ಹಾಳಾಗಿತ್ತು. ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ವರ್ಷಗಟ್ಟಲೆ ಗದ್ದೆಗೆ ಗೊಬ್ಬರದ ಮೂಟೆ ಹೋಗಿದ್ದು ಹಿಂದಿನ ಸೀಟಿನ ಮೇಲೆ. ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ನೆಂಟ. ಮೂಟೆಯಿಂದ ಉದುರಿದ ಪುಡಿ ಕೆಸರಿನ ಜೊತೆ ಸೇರಿ ಕಡ್ಡಿಯ ಬುಡದಲ್ಲಿ ಕೂತರೆ ಯಾವ ಕ್ರೋಮೂ ತಡೆಯಲ್ಲ. ಗೊಬ್ಬರ ಸಾಗಿಸಿದ ದಿನ ಎರಡು ಬಿಂದಿಗೆ ನೀರು ಚಕ್ರಕ್ಕೆ ಹಾಕಿದ್ರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತೆ.

ಹಾಗಾಗಿ ಬಣ್ಣದ ಡಬ್ಬಿ ತರೋಕೆ ಮುಂಚೆ ಪಂಚರ್ ಅಂಗಡಿಯಲ್ಲಿ ಟೈರು, ಟ್ಯೂಬು ಬಿಚ್ಚಿಸಿ. ಹೊರಗೆ ಕಾಣುವ ತುಕ್ಕು ಮುಖ್ಯವಲ್ಲ. ಟೈರಿನ ಅಂಚು ಕೂರುವ ಜಾಗ, ಕಡ್ಡಿಯ ನಿಪ್ಪಲ್ ತೂರುವ ತೂತು, ಬೆಸುಗೆ ಹಾಕಿದ ಜೋಡಣೆ, ಈ ಮೂರನ್ನು ನೋಡಿ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಚಕ್ಕೆ ಏಳುತ್ತಿದ್ದರೆ, ತೂತಿನ ಸುತ್ತ ಬಿರುಕಿದ್ದರೆ ಆ ರಿಮ್ಮು ಗುಜರಿಗೆ. ಬಣ್ಣ ಬಿರುಕನ್ನು ಮುಚ್ಚುತ್ತದೆ, ಹಿಡಿದಿಡೋದಿಲ್ಲ. ಮೊಮ್ಮಕ್ಕಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುವ ಗಾಡಿ ಅದು. ಹಿಂದಿನ ರಿಮ್ಮಿನಲ್ಲಿ ಎರಡು ತೂತಿನ ಸುತ್ತ ಸ್ಕ್ರೂಡ್ರೈವರ್ ಒಳಗೇ ಇಳಿಯಿತು. "ಮೂವತ್ತು ವರ್ಷ ಹೊತ್ತಿದೆ, ಇರಲಿ ಬಿಡೋ" ಅಂದ ದೊಡ್ಡಪ್ಪನಿಗೆ ಆ ತೂತನ್ನ ಬೆಳಕಿಗೆ ಹಿಡಿದು ತೋರಿಸಿದ ಮೇಲೆ ಮಾತಿಲ್ಲ. ಮೈಸೂರಿನಿಂದ ಹೊಸ ರಿಮ್ಮು ತಂದು ಕಡ್ಡಿ ಕಟ್ಟಿಸಿದ್ದಾಯ್ತು.

ಮುಂದಿನದು ಗಟ್ಟಿ ಇತ್ತು, ಅದಕ್ಕೆ ಬಣ್ಣ. ಮತ್ತೆ ಕ್ರೋಮ್ ಮಾಡಿಸಬಹುದಿತ್ತಲ್ಲ ಅಂತ ಕೇಳ್ತೀರಿ. ಮಾಡಿಸಬಹುದು. ಆದರೆ ಹೊಂಡ ಬಿದ್ದ ರಿಮ್ಮನ್ನು ಮೊದಲು ಉಜ್ಜಿ ಸಮ ಮಾಡುತ್ತಾರೆ, ತೆಳ್ಳಗಿನ ಉಕ್ಕು ಇನ್ನೂ ತೆಳ್ಳಗಾಗುತ್ತೆ. ಹಳ್ಳಿಯ ಕೆಸರಲ್ಲಿ ಓಡುವ ಗಾಡಿಗೆ ಬಣ್ಣವೇ ವಾಸಿ ಅಂತ ನನ್ನ ಅಭಿಪ್ರಾಯ, ಗೀರಿದರೆ ಮನೆಯಲ್ಲೇ ಸರಿಮಾಡಬಹುದು.

ಕ್ರೋಮ್ ನುಣುಪು, ಅದರ ಮೇಲೆ ನೇರ ಹೊಡೆದ ಬಣ್ಣ ಮೊದಲ ಮಳೆಗೇ ಹಾಳೆಯಂತೆ ಸುಲಿದು ಬರುತ್ತೆ. ಬಣ್ಣಕ್ಕೆ ಹಿಡಿತ ಸಿಗೋದು ಗೀರುಗಳಿಂದ. ಸೋಪುನೀರಲ್ಲಿ ತೊಳೆದು, ಥಿನ್ನರ್ ಬಟ್ಟೆಯಿಂದ ಗ್ರೀಸ್ ತೆಗೆದು, 240 ನಂಬರಿನ ವಾಟರ್ ಪೇಪರಿನಿಂದ ಶುರುಮಾಡಿ 400ಕ್ಕೆ ಬನ್ನಿ. ಹೊಳಪು ಎಲ್ಲೂ ಉಳಿಯಬಾರದು. ಎದ್ದ ಚಕ್ಕೆಯ ಅಂಚು ಬೆರಳಿಗೆ ತಾಗಬಾರದು. ಈ ಕೆಲಸಕ್ಕೇ ನನಗೆ ಒಂದು ಇಡೀ ಭಾನುವಾರ ಹಿಡಿಯಿತು, ಮಿಕ್ಕಿದ್ದೆಲ್ಲ ಸಲೀಸು.

ಒಣಗಿದ್ದಾಗ ಮಾತ್ರ ಉಜ್ಜಬೇಡಿ. ಕ್ರೋಮಿಯಂ, ನಿಕ್ಕಲ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನೀರು ಹಾಕುತ್ತಲೇ ಉಜ್ಜಿ, ಮಾಸ್ಕು, ಕೈಗವಸು ಇರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದರೆ ಐದು ನಿಮಿಷದಲ್ಲಿ ಕ್ರೋಮ್ ಹೋಗುತ್ತೆ ಅಂತ ಊರಲ್ಲಿ ಒಬ್ಬರಲ್ಲ ಒಬ್ಬರು ಹೇಳೇ ಹೇಳ್ತಾರೆ. ಹೋಗಬಹುದು. ಜೊತೆಗೆ ನಿಪ್ಪಲ್ಲಿನ ಮರೆಯಲ್ಲಿ ಉಳಿದ ಆಸಿಡ್ ಒಳಗಿನಿಂದ ತಿನ್ನುತ್ತೆ, ಲೋಹ ಕರಗಿದ ನೀರು ಹಿತ್ತಲಿನ ಮಣ್ಣಿಗೆ ಇಳಿಯುತ್ತೆ.

ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಬೆಳ್ಳಿ ಬಣ್ಣ, ಕೊನೆಗೆ ಕ್ಲಿಯರ್ ಕೋಟ್. ಎಲ್ಲವೂ ತೆಳು ಪದರ. ಒಮ್ಮೆಗೇ ದಪ್ಪ ಹೊಡೆದರೆ ಇಳಿಯುತ್ತೆ. ನಿಪ್ಪಲ್ಲಿನ ಮರೆಗೆ, ಕಡ್ಡಿಯ ಮರೆಗೆ ಟೇಪ್ ಸುತ್ತಿ, ಇಲ್ಲದಿದ್ದರೆ ಮುಂದೆ ವೀಲ್ ಬೆಂಡ್ ತೆಗೆಯುವವರು ಬೈತಾರೆ. ಮಳೆಗಾಲದಲ್ಲಿ ಬೇಡ, ತೇವಕ್ಕೆ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತೆ. ಶಿವರಾತ್ರಿ ಕಳೆದು ಯುಗಾದಿಯೊಳಗೆ, ಇಬ್ಬನಿ ಆರಿದ ಬೆಳಗಿನ ಹೊತ್ತು ಸರಿಯಾದ ಸಮಯ. ಧೂಳು ಏಳದಿರಲಿ ಅಂತ ದೊಡ್ಡಮ್ಮ ಅಂಗಳಕ್ಕೆ ನೀರು ಚಿಮುಕಿಸಿದರು, ನಾನು ಓದಿದ ಯಾವ ಸೂಚನೆಯಲ್ಲೂ ಅದಿರಲಿಲ್ಲ.

ಸೈಕಲ್ಲಿಗೂ ಇದೇ ವಿಧಾನ ನಡೆಯುತ್ತೆ, ಒಂದು ವ್ಯತ್ಯಾಸದೊಂದಿಗೆ. ಯೆಜ್ಡಿಗೆ ಡ್ರಮ್ ಬ್ರೇಕು, ರಿಮ್ಮಿಗೂ ಬ್ರೇಕಿಗೂ ಸಂಬಂಧವಿಲ್ಲ. ಸೈಕಲ್ಲಿನಲ್ಲಿ ರಬ್ಬರ್ ಗುಂಡಿ ರಿಮ್ಮನ್ನೇ ಹಿಡಿಯುತ್ತೆ, ಅದು ತಾಗುವ ಜಾಗಕ್ಕೆ ಬಣ್ಣ ಬೇಡವೇ ಬೇಡ.

ಬಣ್ಣ ಮುಟ್ಟಿದರೆ ಒಣಗಿದಂತೆ ಕಂಡರೂ ಒಂದು ವಾರ ಟೈರು ಹಾಕಬೇಡಿ, ಟೈರು ಎಬ್ಬುವ ಪಟ್ಟಿ ಅಂಚಿನ ಬಣ್ಣವನ್ನೆಲ್ಲ ಕೆತ್ತಿ ಹಾಕುತ್ತೆ. ಈಗ ದೊಡ್ಡಪ್ಪನ ಗಾಡಿಗೆ ಮುಂದೆ ಮಂದ ಬೆಳ್ಳಿ, ಹಿಂದೆ ಫಳಫಳ ಕ್ರೋಮ್. ಹಿಂದಿನದಕ್ಕೂ ಬಣ್ಣ ಹೊಡೆದು ಜೋಡಿ ಮಾಡಿಬಿಡು ಅಂತ ಅವರೇ ಕೇಳ್ತಿದ್ದಾರೆ. ಹೊಸ ಕ್ರೋಮ್ ಕೆಡಿಸೋಕೆ ನನಗೆ ಮನಸ್ಸಿಲ್ಲ.